ಟೋಕನ್ನನ್ನು ಓದುವ ಯಂತ್ರಗಳು

ದೇಶದ ಮೊದಲ ಮೆಟ್ರೊ 1984ರ ಅಕ್ಟೋಬರ್ 24ರಂದು ಕೋಲ್ಕತ್ತದ ಎಸ್ಪ್ಲನೇಡಿನಿಂದ ಭವಾನಿಪುರದವರೆಗೆ, 3.4 ಕಿಲೋಮೀಟರು ಓಡಿತು. ಬಹುಕಾಲ ಇಲ್ಲಿ ಕಾಂತಪಟ್ಟಿಯ ಟಿಕೆಟ್ಟುಗಳಿದ್ದವು. 2011ರಲ್ಲಿ ಅವುಗಳ ಜಾಗಕ್ಕೆ ರೇಡಿಯೊ ತರಂಗದ ಟೋಕನ್ನುಗಳು ಬಂದವು. ಅದೇ ವರ್ಷ ಅಕ್ಟೋಬರ್ 20ರಂದು ಆರಂಭವಾದ ಬೆಂಗಳೂರಿನ ನಮ್ಮ ಮೆಟ್ರೊ ಕಾಂತಪಟ್ಟಿಯ ಯುಗವನ್ನು ಕಾಣಲೇ ಇಲ್ಲ.

ಟೋಕನ್ನಿನೊಳಗೆ ಬ್ಯಾಟರಿಯಿಲ್ಲ. ದ್ವಾರದಲ್ಲಿರುವ ತಂತಿಸುರುಳಿ 13.56 ಮೆಗಾಹರ್ಟ್ಸ್ ಕಂಪನದ ಕಾಂತಕ್ಷೇತ್ರವನ್ನು ಹರಡುತ್ತದೆ. ಅದರಿಂದಲೇ ಶಕ್ತಿ ಪಡೆದು ಚಿಪ್ಪು ಉತ್ತರಿಸುತ್ತದೆ. ಓದುವವನೇ ಬರಹಕ್ಕೆ ಜೀವ ತುಂಬುವ ಈ ಏರ್ಪಾಡು ಸಾಹಿತ್ಯದ ವಿದ್ಯಾರ್ಥಿಗೆ ಹೊಸದೇನಲ್ಲ.

ಈ ವಿದ್ಯೆಯ ಒಂದು ಕವಲು 1990ರ ದಶಕದಲ್ಲಿ ಆಸ್ಟ್ರಿಯದ ಮಿಕ್ರಾನ್ ಕಂಪನಿಯ ಮೈಫೇರ್‌ನಿಂದ ಹೊರಟು ಫಿಲಿಪ್ಸ್‌ನ ಕೈಸೇರಿತು. ಇನ್ನೊಂದು ಸೋನಿಯ ಫೆಲಿಕಾ. 1997ರಲ್ಲಿ ಹಾಂಗ್‌ಕಾಂಗಿನ ಆಕ್ಟೋಪಸ್ ಕಾರ್ಡಿಗೆ ಆಧಾರವಾದದ್ದು ಅದೇ. 2004ರಲ್ಲಿ ನೋಕಿಯಾ, ಫಿಲಿಪ್ಸ್, ಸೋನಿ ಸೇರಿ ಎನ್‌ಎಫ್‌ಸಿ ಫೋರಂ ಕಟ್ಟಿದವು.

ಚಾಂದನಿ ಚೌಕದಂಥ ಬಿಡಿಭಾಗಗಳ ಪೇಟೆಯಲ್ಲಿ ಮೈಕ್ರೊಕಂಟ್ರೋಲರಿಗೆ ಮಾಡ್ಯೂಲು ಕೇಳುವವರ ಮುಂದೆ ಈ ವಂಶಾವಳಿಯೇ ಬಂದು ನಿಲ್ಲುತ್ತದೆ. ಅಗ್ಗದ ನೀಲಿ ಹಲಗೆ ಆರ್‌ಸಿ522 ಮುಖ್ಯವಾಗಿ ಮೈಫೇರ್ ಕುಲದ್ದನ್ನಷ್ಟೇ ಓದುತ್ತದೆ. ಫೆಲಿಕಾ ಅದಕ್ಕೆ ಅರ್ಥವಾಗದು. ಅದು 3.3 ವೋಲ್ಟಿನದು, 5 ವೋಲ್ಟನ್ನು ನೇರವಾಗಿ ಕೊಡಬಾರದು. ತುಸು ದುಬಾರಿಯಾದ ಪಿಎನ್532 ಎರಡು ಕುಲವನ್ನೂ ಬಲ್ಲದು, ತಾನೇ ಕಾರ್ಡಿನಂತೆಯೂ ನಟಿಸಬಲ್ಲದು. ಮೊಬೈಲಿನೊಂದಿಗೆ ಮಾತಾಡಿಸಬೇಕಿದ್ದರೆ ಅದೇ ಸರಿ. ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಜೋಡಿಸುವ ಎಸಿಆರ್122ಯು ಒಳಗಿರುವುದೂ ಅದೇ ಚಿಪ್ಪು.

ಬೆಲೆಗಿಂತ ದೊಡ್ಡ ಪ್ರಶ್ನೆ ನಂಬಿಕೆಯದು. ಮೈಫೇರ್ ಕ್ಲಾಸಿಕ್‌ನ ಗುಪ್ತಲಿಪಿ ಒಡೆಯಬಲ್ಲದ್ದೆಂದು ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2008ರಲ್ಲಿ ತೋರಿಸಿದರು. ತಯಾರಕರಾದ ಎನ್‌ಎಕ್ಸ್‌ಪಿ ಪ್ರಬಂಧದ ಪ್ರಕಟಣೆಗೆ ತಡೆ ಕೋರಿತು. ಜುಲೈನಲ್ಲಿ ನ್ಯಾಯಾಲಯ ನಿರಾಕರಿಸಿತು. ಒಳ್ಳೆಯ ತೀರ್ಪೆಂದೇ ನನ್ನ ಎಣಿಕೆ. ಗುಟ್ಟನ್ನು ಕಪಾಟಿನಲ್ಲಿಟ್ಟ ಮಾತ್ರಕ್ಕೆ ಬೀಗ ಗಟ್ಟಿಯಾಗುವುದಿಲ್ಲ. ಇಷ್ಟಾದರೂ ಇಂದಿನ ಎಷ್ಟೋ ಹವ್ಯಾಸಿ ಯೋಜನೆಗಳು ಕಾರ್ಡಿನ ಕ್ರಮಸಂಖ್ಯೆಯೊಂದನ್ನೇ ನೋಡಿ ಬಾಗಿಲು ತೆರೆಯುತ್ತವೆ. ಆ ಸಂಖ್ಯೆಯನ್ನು ಬೇರೆ ಕಾರ್ಡಿಗೆ ನಕಲಿಸಬಹುದು. ಅನೇಕ ಮೊಬೈಲುಗಳಂತೂ ಪ್ರತಿಸಲವೂ ಬೇರೆಯದನ್ನೇ ಹೇಳುತ್ತವೆ.

ನಮ್ಮಂಥ ಹೊರನಾಡ ಬಳಗಗಳ ಪುಸ್ತಕ ಎರವಲಿನ ಲೆಕ್ಕಕ್ಕೆ ಆರ್‌ಸಿ522 ಸಾಕು. ಹಣ ಅಥವಾ ಬೀಗ ಒಳಗೊಂಡಲ್ಲಿ ಪಿಎನ್532ರೊಂದಿಗೆ, ಎಇಎಸ್ ಗೂಢಲಿಪಿಯಿರುವ ಡೆಸ್‌ಫೈರ್ ಕಾರ್ಡನ್ನೇ ಕೇಳಿ ತರಬೇಕು.