ಸಾರಜನಕ ಬೇಕು, ಸಾರಜನಕ ಬೇಡ

ಮುಂಗಾರು ಶುರುವಾಯ್ತು ಅಂದ್ರೆ ನಮ್ಮೂರ ಸೊಸೈಟಿ ಮುಂದೆ ಯೂರಿಯಾಕ್ಕೆ ಕ್ಯೂ. ಚೀಲದ ಮೇಲೆ ಶೇ. 46 ಸಾರಜನಕ ಅಂತ ಅಚ್ಚು. ಅಪ್ಪ ಅದನ್ನು ಸೈಕಲ್ ಮೇಲೆ ಹೇರಿಕೊಂಡು ಬರೋರು. ಇದೇ ಸಾರಜನಕವನ್ನು ತೆಗೆದುಹಾಕೋಕೆ ದುಡ್ಡು ಸುರಿಯೋರೂ ಇದ್ದಾರೆ ಅಂತ ಹೇಳಿದ್ದು ಬಿಇಯಲ್ಲಿ ಕೆಮಿಕಲ್ ಓದುತ್ತಿದ್ದ ನನ್ನ ರೂಮ್‌ಮೇಟ್. ತೈಲ ಸಂಸ್ಕರಿಸುವವರಿಗೆ ಅದು ಶನಿಕಾಟವಂತೆ.

ಆಮೇಲೆ ಓದುತ್ತಾ ಹೋದಾಗ ಗೊತ್ತಾಯ್ತು, ಎರಡೂ ಕೆಲಸ ಒಂದೇ ಕಾರ್ಖಾನೆಯಲ್ಲಿ ನಡೆದಿತ್ತು. ಜರ್ಮನಿಯ ಲೊಯ್ನಾದಲ್ಲಿ.

ಗಾಳಿಯ ಸಾರಜನಕಕ್ಕೆ ಜಲಜನಕ ಸೇರಿಸಿ ಅಮೋನಿಯಾ ಮಾಡುವ ಕೆಲಸವನ್ನು ಕಾರ್ಲ್ ಬಾಷ್ 1913ರಲ್ಲಿ ಓಪೌನಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದರು. ಮರುವರ್ಷ ಯುದ್ಧ. ಚಿಲಿಯಿಂದ ಬರುತ್ತಿದ್ದ ನೈಟ್ರೇಟ್ ನಿಂತುಹೋಯಿತು. ಗೊಬ್ಬರದ ಅಮೋನಿಯಾವೇ ಸಿಡಿಮದ್ದಿಗೂ ಮೂಲ. ಫ್ರೆಂಚ್ ವಿಮಾನಗಳಿಗೆ ದೂರವಾಗಿರಲಿ ಅಂತ ದೇಶದ ಒಳಭಾಗದ ಲೊಯ್ನಾದಲ್ಲಿ ಎರಡನೇ ಕಾರ್ಖಾನೆ ಎದ್ದಿತು. 1917ರಲ್ಲಿ ಅಮೋನಿಯಾ ಬಂತು.

ಯುದ್ಧ ಮುಗಿದ ಮೇಲೆ ಅಧಿಕ ಒತ್ತಡದಲ್ಲಿ ಪಳಗಿದ ಕೈಗಳಿಗೆ ಬೇರೆ ಕೆಲಸ ಸಿಕ್ಕಿತು. ಕಲ್ಲಿದ್ದಲಿಗೆ ಜಲಜನಕ ತುಂಬಿ ಎಣ್ಣೆ ಮಾಡಬಹುದು ಅಂತ ಫ್ರೀಡ್ರಿಶ್ ಬರ್ಗಿಯಸ್ ತೋರಿಸಿದ್ದರು. 1927ರಲ್ಲಿ ಲೊಯ್ನಾದಲ್ಲಿ ಕಂದು ಕಲ್ಲಿದ್ದಲಿನಿಂದ ಪೆಟ್ರೋಲ್ ತಯಾರಿ ಶುರು. 1931ರ ನೊಬೆಲ್ ಬಾಷ್, ಬರ್ಗಿಯಸ್ ಇಬ್ಬರಿಗೂ ಸೇರಿ ಬಂತು.

ತೊಡಕು ಇದ್ದದ್ದು ಕಲ್ಲಿದ್ದಲಿನೊಳಗೇ. ಅದು ಒಂದಾನೊಂದು ಕಾಲದ ಗಿಡಮರ. ಗಿಡದ ಸಾರಜನಕ ಎಣ್ಣೆಗೂ ಇಳಿಯುತ್ತೆ. ಮಥಿಯಾಸ್ ಪಿಯರ್ ಅವರ ತಂಡ 6434 ಅನ್ನೋ ವೇಗವರ್ಧಕ ಕಂಡುಹಿಡಿದಿತ್ತು: ಆಮ್ಲದಲ್ಲಿ ಹದಗೊಳಿಸಿದ ಜೇಡಿಮಣ್ಣಿನ ಮೇಲೆ ಟಂಗ್‌ಸ್ಟನ್ ಸಲ್ಫೈಡ್. (ಹೆಸರು ನಮ್ಮ ಆಫೀಸಿನ ಟಿಕೆಟ್ ನಂಬರ್ ಥರ ಇದೆ.) ದೊಡ್ಡ ಅಣುಗಳನ್ನು ಒಡೆದು ಪೆಟ್ರೋಲ್ ಮಾಡೋದರಲ್ಲಿ ಎತ್ತಿದ ಕೈ. ಆದರೆ ಸಾರಜನಕದ ಅಣುಗಳು ಕ್ಷಾರೀಯ. ಅದರ ಆಮ್ಲೀಯ ಜಾಗಗಳಿಗೆ ಹೋಗಿ ಅಂಟಿಕೊಂಡುಬಿಡುತ್ತಿದ್ದವು. ಸೀಟು ಹಿಡಿದವರು ಏಳದಿದ್ದರೆ ಬಸ್ಸಿಗೆ ಹೊಸಬರು ಹತ್ತೋದೆಲ್ಲಿ?

ಹಾಗಾಗಿ ಕೆಲಸವನ್ನು ಎರಡಾಗಿ ಒಡೆದರು. ಮೊದಲು 5058 ಅನ್ನೋ ಶುದ್ಧ ಟಂಗ್‌ಸ್ಟನ್ ಸಲ್ಫೈಡ್ ಮೇಲೆ ಎಣ್ಣೆಯ ಶುದ್ಧಿ, ಆಮೇಲೆ 6434. ಗಂಧಕವನ್ನು ಕಳಚೋದು ಅಷ್ಟು ಕಷ್ಟವಲ್ಲ. ಸಾರಜನಕ ಮಾತ್ರ ಇಂಗಾಲದ ಉಂಗುರದ ಒಳಗೇ ಕೂತಿರುತ್ತೆ. ಉಂಗುರಕ್ಕೆ ಜಲಜನಕ ತುಂಬಿ ಸಡಿಲ ಮಾಡಿದ ಮೇಲಷ್ಟೇ ಬಂಧ ಮುರಿಯುತ್ತೆ. ಹೊರಬರೋದು ಏನು? ಅಮೋನಿಯಾ! ಮೊದಲು ತೊಳೆ, ಆಮೇಲೆ ಒಡಿ ಅನ್ನೋ ಈ ಕ್ರಮವೇ ಇಂದಿನ ಹೈಡ್ರೋಕ್ರ್ಯಾಕರ್‌ಗಳಲ್ಲೂ ಸಾಮಾನ್ಯ.

ಬಾವಿ ತೋಡಿ ತೆಗೆದ ಎಣ್ಣೆಯ ಎದುರು ಈ ಪೆಟ್ರೋಲ್ ದುಬಾರಿ. ಮಾರುಕಟ್ಟೆಗೇ ಬಿಟ್ಟಿದ್ದರೆ ಬಹುಶಃ ಸೊರಗಿ ಸಾಯುತ್ತಿತ್ತು. 1933ರ ಡಿಸೆಂಬರ್‌ನಲ್ಲಿ ಹಿಟ್ಲರ್ ಸರ್ಕಾರ ಬೆಲೆಯ ಖಾತರಿ ಕೊಟ್ಟು ಉಳಿಸಿತು. ಮುಂದೆ ಜರ್ಮನ್ ಯುದ್ಧವಿಮಾನಗಳು ಹಾರಿದ್ದು ಬಹುತೇಕ ಇಂಥ ಇಂಧನದಲ್ಲೇ. ಲೊಯ್ನಾದಲ್ಲಿ ಬಲವಂತದ ಕೂಲಿಗಳೂ ದುಡಿದರು. ಎಂಥಾ ಸೊಗಸಾದ ರಸಾಯನಶಾಸ್ತ್ರ ಅಂತ ಖುಷಿಯಾಗಿ ಓದುತ್ತಿದ್ದವನಿಗೆ ಇಲ್ಲಿ ಗಂಟಲು ಕಟ್ಟಿತು.

1944ರ ಮೇ 12ರಂದು ಅಮೆರಿಕದ ಬಾಂಬರ್‌ಗಳು ಲೊಯ್ನಾದ ಮೇಲೆ ಬಂದವು. ಗುರಿ ಪೆಟ್ರೋಲ್. ಆದರೆ ಆ ಕಾಂಪೌಂಡಿನೊಳಗೆ ಅಮೋನಿಯಾವೂ ಇತ್ತಲ್ಲ. ದಾಳಿಗಳು ಮುಂದುವರಿದ ಹಾಗೆ ಸಿಡಿಮದ್ದಿಗೂ ಸಾರಜನಕದ ಬರ, ಹೊಲಗಳಿಗೂ ಬರ.