ಬೈರಿಗೆಯಿಂದ ವಿದ್ಯುತ್ ಡ್ರಿಲ್ಲಿನವರೆಗೆ: ಧೂಳಿನ ಚರಿತ್ರೆ



ಆಯುಧಪೂಜೆಯಂದು ನಮ್ಮ ಊರಿನ ಬಡಗಿಯು ತನ್ನ ಉಳಿ, ಬಾಚಿ, ಗರಗಸ, ಬೈರಿಗೆಗಳನ್ನು ತೊಳೆದು, ಅರಿಸಿನ ಕುಂಕುಮವಿಟ್ಟು, ಆ ದಿನದ ಮಟ್ಟಿಗೆ ಅವುಗಳಿಗೆ ವಿಶ್ರಾಂತಿ ಕೊಡುತ್ತಿದ್ದುದನ್ನು ನಾವೆಲ್ಲ ಬಲ್ಲೆವು. ಸಿಡ್ನಿ, ಮೆಲ್ಬರ್ನ್‌ಗಳ ನಮ್ಮ ಗ್ಯಾರೇಜುಗಳಲ್ಲಿ ಇಂದು ಆ ಪೂಜೆ ಸಲ್ಲುವುದು ಕಾರಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಮತ್ತು ವಿದ್ಯುತ್ ಡ್ರಿಲ್ಲಿಗೆ. ಊರಿನಲ್ಲಿ ಬಡಗಿಗೆ ಹೇಳಿಕಳಿಸುತ್ತಿದ್ದ ನಾವು, ಇಲ್ಲಿನ ಕೂಲಿಯ ದರ ಕೇಳಿದ ಮೇಲೆ, ಸ್ವತಃ ಬಡಗಿಗಳಾದೆವು. ಆದರೆ ನಮ್ಮ ಕೈಯಲ್ಲಿರುವ ಆ ಯಂತ್ರದ ಚರಿತ್ರೆ ಈ ನೆಲಕ್ಕೇ ಸೇರಿದುದೆಂಬುದು ಅನೇಕರಿಗೆ ತಿಳಿದಿರಲಾರದು.

1889ರ ಆಗಸ್ಟ್ 20ರಂದು ಮೆಲ್ಬರ್ನ್‌ನ ಆರ್ಥರ್ ಜೇಮ್ಸ್ ಆರ್ನಟ್ ಮತ್ತು ವಿಲಿಯಂ ಬ್ಲಾಂಚ್ ಬ್ರೇನ್ ಅವರು ವಿದ್ಯುತ್ ಡ್ರಿಲ್ಲಿಗೆ ಪೇಟೆಂಟು ಪಡೆದರು. ಆರ್ನಟ್ ಸ್ಕಾಟ್ಲೆಂಡಿನಿಂದ ಬಂದವರು, ನಮ್ಮಂತೆಯೇ ವಲಸಿಗರು. ಅವರ ಯಂತ್ರ ಗೋಡೆಗೆ ತೂತು ಕೊರೆಯುವುದಕ್ಕಲ್ಲ, ಬಂಡೆ ಕೊರೆಯುವುದಕ್ಕೂ ಕಲ್ಲಿದ್ದಲು ಅಗೆಯುವುದಕ್ಕೂ ಉದ್ದೇಶಿಸಿದ್ದು. 1910ರ ದಶಕದಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆಯು ಡ್ರಿಲ್ಲಿಗೆ ಪಿಸ್ತೂಲಿನಂಥ ಹಿಡಿಯನ್ನೂ ಬೆರಳಿನಿಂದ ಒತ್ತುವ ಗುಂಡಿಯನ್ನೂ ಅಳವಡಿಸಿದ ಮೇಲೆ ಅದು ಒಬ್ಬನ ಕೈಗೆ ಒದಗಿತು. ಬೆರಳು ಸಡಿಲಿಸಿದೊಡನೆ ಯಂತ್ರ ನಿಲ್ಲುವ ಆ ಏರ್ಪಾಡು ಎಷ್ಟು ಕೈಗಳನ್ನು ಉಳಿಸಿದೆಯೋ!

ತಿರುಗುವ ಯಂತ್ರದ ಮುಂದೆ ಸೆರಗು, ಪಂಚೆಯ ಅಂಚು, ಪೂಜೆಯಲ್ಲಿ ಮುಂಗೈಗೆ ಕಟ್ಟಿದ ದಾರ, ಕೈಗವಸು ಕೂಡ ಅಪಾಯವೇ. ಸುತ್ತಿಕೊಂಡರೆ ಕೈಯನ್ನು ಎಳೆದುಕೊಳ್ಳುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕು, ಅಲಗು ಬದಲಿಸುವ ಮುನ್ನ ಪ್ಲಗ್ ಕೀಳಬೇಕು. ಇವು ಕಣ್ಣಿಗೆ ಕಾಣುವ ಅಪಾಯಗಳು. ನಾವು ಇಂದು ಮುಖ್ಯವಾಗಿ ಹೇಳಹೊರಟಿರುವುದು ಕಾಣದ ಅಪಾಯವನ್ನು, ಧೂಳನ್ನು ಕುರಿತು.

ಸಿಡ್ನಿ ನಗರ ನಿಂತಿರುವ ಮರಳುಗಲ್ಲಿನ ಬಹುಪಾಲು ಬೆಣಚುಕಲ್ಲಿನ ಕಣಗಳೇ. ಒಳಚರಂಡಿಗಾಗಿ ಆ ಕಲ್ಲನ್ನು ಕಡಿದ ಕಾರ್ಮಿಕರು ಅದರ ನುಣ್ಣನೆಯ ಧೂಳನ್ನು ಉಸಿರಾಡಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾದರು. ನ್ಯೂ ಸೌತ್ ವೇಲ್ಸ್ ಸರ್ಕಾರವು ಈ ರೋಗಿಗಳ ಪರಿಹಾರಕ್ಕಾಗಿ 1920ರಲ್ಲಿ ಕಾನೂನು ಮಾಡಿತು. 1942ರಲ್ಲಿ ಧೂಳಿನ ರೋಗಗಳಿಗೆಂದೇ ಮತ್ತೊಂದನ್ನು ತಂದಿತು.

ಇದು ನಮಗೆ ಪರಕೀಯವಾದ ಕಥೆಯಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅಲ್ಲಿಯೂ ಚಿನ್ನವಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ಕೊರೆದವರಲ್ಲಿಯೂ ಸಿಲಿಕೋಸಿಸ್ ಕಾಣಿಸಿಕೊಂಡಿತು. ವಿದ್ಯುತ್ತಿನ ಕಥೆ ಪಠ್ಯಪುಸ್ತಕ ಸೇರಿತು, ಕೆಮ್ಮಿನ ಕಥೆ ಸೇರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಈ ನಗರಗಳಲ್ಲಿ ಅಗ್ಗದ ಮನೆಗಳೆದ್ದವು. ಸಿಡ್ನಿಯ ಪಶ್ಚಿಮ ಬಡಾವಣೆಗಳ ‘ಫೈಬ್ರೋ’ ಮನೆಗಳನ್ನು ನೀವು ಕಂಡಿದ್ದೀರಿ. ಆ ಹಲಗೆಯಲ್ಲಿರುವುದು ಸಿಮೆಂಟಿನೊಡನೆ ಬೆರೆಸಿದ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಆಸ್ಟ್ರೇಲಿಯಾ ಅದನ್ನು 2003ರ ಡಿಸೆಂಬರ್ 31ರಿಂದ ಪೂರ್ಣವಾಗಿ ನಿಷೇಧಿಸಿತು. ಹಳೆಯ ಗೋಡೆಗಳಲ್ಲಿ ಅದು ಹಾಗೆಯೇ ಉಳಿದಿದೆ. ಅಂಥದೊಂದು ಮನೆಯನ್ನು ಕೊಂಡ ಹೊಸತರಲ್ಲಿ, ಚಾಮುಂಡೇಶ್ವರಿಯ ಪಟ ತೂಗುಹಾಕಲು ನಾವು ಉತ್ಸಾಹದಿಂದ ಡ್ರಿಲ್ಲು ಹಿಡಿದು ನಿಂತಿದ್ದೆವು. ಪಕ್ಕದ ಮನೆಯ ವೃದ್ಧರು, ನಿವೃತ್ತ ಬಡಗಿ, ಸದ್ದು ಕೇಳಿ ಓಡಿಬಂದು ಪ್ಲಗ್ಗನ್ನೇ ಕಿತ್ತರು. ಸಿಟ್ಟು ಬಂದುದು ನಿಜ. ಜೊತೆಗೆ ಕೆಲಸ ಮಾಡಿದ ಇಬ್ಬರು ಗೆಳೆಯರನ್ನು ಆ ಧೂಳಿಗೆ ಕಳೆದುಕೊಂಡಿದ್ದೇನೆಂದು ಅವರು ಮೆಲ್ಲನೆ ಹೇಳಿದ ಮೇಲೆ ನಮ್ಮಲ್ಲಿ ಮಾತಿರಲಿಲ್ಲ. ಹಲಗೆ ಕದಡದೆ ಇದ್ದರೆ ಅಪಾಯ ಕಡಿಮೆ. ಯಂತ್ರದಿಂದ ಕೊರೆದಾಗ, ಉಜ್ಜಿದಾಗ ಎಳೆಗಳು ಗಾಳಿಗೆ ಸೇರುತ್ತವೆ. 1990ಕ್ಕಿಂತ ಹಿಂದೆ ಕಟ್ಟಿದ ಮನೆಯಾದರೆ ಪರೀಕ್ಷೆ ಮಾಡಿಸದೆ ಗೋಡೆ ಮುಟ್ಟಬಾರದು.

ಇಷ್ಟೆಲ್ಲ ಕಂಡ ದೇಶದಲ್ಲಿಯೇ ಅದೇ ರೋಗ ಮರಳಿ ಬಂತು, ಅದೂ ಅಡುಗೆಮನೆಯ ಮೂಲಕ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಬೆರೆಸಿ ಮಾಡಿದ ಕೃತಕ ಶಿಲೆಯ ಕಟ್ಟೆಗಳು ನಮ್ಮ ಅನೇಕ ಮನೆಗಳಲ್ಲಿವೆ. ಅದರಲ್ಲಿ ಸಿಲಿಕಾ ಶೇಕಡಾ 95ರವರೆಗೂ ಇರಬಲ್ಲದು. ಅದನ್ನು ಆಂಗಲ್ ಗ್ರೈಂಡರಿನಿಂದ ಒಣಗಿದಂತೆಯೇ ಕತ್ತರಿಸಿದ ತರುಣರಲ್ಲಿ ಸಿಲಿಕೋಸಿಸ್ ಹರಡಿರುವುದು 2018ರ ವೇಳೆಗೆ ಬಯಲಾಯಿತು. ವಿಕ್ಟೋರಿಯ 2019ರಲ್ಲಿ ಧೂಳಿನ ನಿಯಂತ್ರಣವಿಲ್ಲದ ಒಣ ಕತ್ತರಿಕೆಯನ್ನು ನಿಷೇಧಿಸಿತು. 2024ರ ಜುಲೈ 1ರಿಂದ ಆ ಶಿಲೆಯ ತಯಾರಿಕೆ, ಮಾರಾಟ, ಅಳವಡಿಕೆಗಳು ದೇಶದಾದ್ಯಂತ ನಿಂತವು. ಅಗ್ಗದಲ್ಲಿ, ಬೇಗನೆ, ಹೊಳಪಾಗಿ ಬೇಕೆಂದ ಗಿರಾಕಿಗಳಲ್ಲಿ ನಾವೂ ಇದ್ದೆವೆಂಬುದನ್ನು ಒಪ್ಪಲೇಬೇಕು.

ಈಗಾಗಲೇ ಜೋಡಿಸಿರುವ ಕಟ್ಟೆಯನ್ನು ಹೆದರಿ ಕೀಳಬೇಕಾಗಿಲ್ಲ. ಆದರೆ ಹೊಸ ನಲ್ಲಿಗಾಗಿ ಅದರಲ್ಲಿ ತೂತು ಬೇಕಾದರೆ ಮನೆಯ ಡ್ರಿಲ್ಲನ್ನು ತೆಗೆಯದೆ, ನೀರು ಹರಿಸಿ ಧೂಳು ಹೀರಿಸಿ ಕೊರೆಯುವ ಸಲಕರಣೆಯೂ ತಕ್ಕ ಮುಖವಾಡವೂ ಇರುವ ಕಸುಬುದಾರರನ್ನು ಕರೆಸಿ. ಅವರು ಒಣಗಿದಂತೆಯೇ ಕೊರೆಯಲು ತೊಡಗಿದರೆ, ಕೆಲಸ ನಿಲ್ಲಿಸಿರೆಂದು ಹೇಳುವುದಕ್ಕೆ ಸಂಕೋಚ ಬೇಡ. ಆ ಕೆಲಸಗಾರ ಯಾರೋ ಒಬ್ಬ ತಾಯಿಯ ಮಗ, ಅನೇಕ ವೇಳೆ ನಮ್ಮ ನಂತರ ಈ ದೇಶಕ್ಕೆ ಬಂದ ಹೊಸ ವಲಸಿಗ.