ಚೌಕದೊಳಗಿನ ಸ್ಪ್ರಿಂಗ್‌ಡೇಲ್

ಅಮೆರಿಕದ ಅಯೋವಾ ರಾಜ್ಯದ ಪೂರ್ವ ಭಾಗದ ಸೀಡರ್ ಕೌಂಟಿಯಲ್ಲಿ ಸ್ಪ್ರಿಂಗ್‌ಡೇಲ್ ಟೌನ್‌ಶಿಪ್ ಇದೆ. ತಾಲ್ಲೂಕಿಗೆ ಹೋಬಳಿ ಹೇಗೋ ಕೌಂಟಿಗೆ ಟೌನ್‌ಶಿಪ್ ಹಾಗೆ. ಆದರೆ ಇದರ ಗಡಿಯನ್ನು ಯಾರೂ ಹಳ್ಳ, ದಿಣ್ಣೆ ನೋಡಿ ಗುರುತಿಸಿದ್ದಲ್ಲ. 1785ರ ಭೂ ಕಾಯಿದೆಯ ಲೆಕ್ಕದಲ್ಲಿ ಆರು ಮೈಲಿಗೆ ಆರು ಮೈಲಿಯ ಚೌಕ, ಅದರೊಳಗೆ 640 ಎಕರೆಯ 36 ಸೆಕ್ಷನ್‌ಗಳು. 16ನೆಯದು ಶಾಲೆಗೆ ಮೀಸಲು. ಜನ ಬರುವ ಮೊದಲೇ ಸರ್ವೆಯವರು ಸರಪಳಿ ಎಳೆದಿದ್ದರು. ಇಲ್ಲಿನ ಕಪ್ಪು ಮಣ್ಣಿನಲ್ಲಿ ಇಂದು ಮೆಕ್ಕೆಜೋಳ, ಸೋಯಾಬೀನ್ ಬೆಳೆಯುತ್ತವೆ.

ಇಲ್ಲಿಗೆ ಬರುವವರೆಲ್ಲ ನೇರವಾಗಿ ವೆಸ್ಟ್ ಬ್ರಾಂಚ್ ಪಟ್ಟಣಕ್ಕೆ ಹೋಗುತ್ತಾರೆ. ಅಧ್ಯಕ್ಷ ಹರ್ಬರ್ಟ್ ಹೂವರ್ 1874ರಲ್ಲಿ ಅಲ್ಲಿನ ಕಮ್ಮಾರನ ಮಗನಾಗಿ ಹುಟ್ಟಿದರು. ಸಮಾಧಿಯೂ ಅಲ್ಲೇ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ, ಈ ನೆಲದ ನಿಜವಾದ ಕಥೆ ಪಕ್ಕದ ಸ್ಪ್ರಿಂಗ್‌ಡೇಲ್ ಹಳ್ಳಿಯದು.

ಅಲ್ಲಿ ನೆಲೆಸಿದ್ದವರು ಕ್ವೇಕರರು; ಕೈಯಲ್ಲಿ ಆಯುಧ ಹಿಡಿಯದ ಪಂಥ. ಅವರ ನಡುವೆ 1857ರ ಕೊನೆಗೆ ಜಾನ್ ಬ್ರೌನ್ ತನ್ನ ಬಂಟರನ್ನು ತಂದು ಬಿಟ್ಟ. ಗುಲಾಮಗಿರಿಯನ್ನು ಬಂದೂಕಿನಿಂದಲೇ ಕೊನೆಗಾಣಿಸಲು ಹೊರಟಿದ್ದ ಮನುಷ್ಯ ಆತ. ಕ್ವೇಕರನಲ್ಲದ ವಿಲಿಯಂ ಮ್ಯಾಕ್ಸನ್ ತನ್ನ ಮನೆಯಲ್ಲಿ ಅವರಿಗೆ ಜಾಗ ಕೊಟ್ಟ. ಚಳಿಗಾಲವಿಡೀ ಮರದ ಕತ್ತಿ ಹಿಡಿದು ಕವಾಯತು, ಸಂಜೆಯಾದರೆ ಅಣಕು ಶಾಸನಸಭೆ. ಊರವರು ಕತ್ತಿಯನ್ನು ಒಪ್ಪಲಿಲ್ಲ, ಹುಡುಗರನ್ನು ಹೊರಗಟ್ಟಲೂ ಇಲ್ಲ. 1859ರಲ್ಲಿ ಬ್ರೌನ್ ಮಿಸೌರಿಯಿಂದ ಬಿಡಿಸಿ ತಂದ ಗುಲಾಮರಿಗೂ ಇಲ್ಲೇ ಆಶ್ರಯ ಸಿಕ್ಕಿತು. ವೆಸ್ಟ್ ಲಿಬರ್ಟಿಯಲ್ಲಿ ಅವರನ್ನು ಸರಕಿನ ಬೋಗಿಗೆ ಹತ್ತಿಸಿ ಷಿಕಾಗೋ ಕಡೆಗೆ ಕಳಿಸಿದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ರೌನ್‌ನ ತಂಡ ವರ್ಜೀನಿಯಾದ ಹಾರ್ಪರ್ಸ್ ಫೆರ್ರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿತು. ಸ್ಪ್ರಿಂಗ್‌ಡೇಲ್‌ನ ಅಣ್ಣತಮ್ಮಂದಿರಾದ ಎಡ್ವಿನ್ ಮತ್ತು ಬಾರ್ಕ್ಲೆ ಕೊಪ್ಪಕ್ ಆ ತಂಡದಲ್ಲಿದ್ದರು. ಎಡ್ವಿನ್‌ನನ್ನು ಡಿಸೆಂಬರ್ 16ರಂದು ನೇಣಿಗೇರಿಸಿದರು. ಬಾರ್ಕ್ಲೆ ತಪ್ಪಿಸಿಕೊಂಡು ಊರು ಸೇರಿದ. ಅವನನ್ನು ಒಪ್ಪಿಸಿ ಎಂದು ವರ್ಜೀನಿಯಾದಿಂದ ಪತ್ರ ಬಂದಾಗ ಅಯೋವಾದ ಗವರ್ನರ್ ಸ್ಯಾಮುಯೆಲ್ ಕರ್ಕ್‌ವುಡ್ ಅದರಲ್ಲಿ ಕಾನೂನಿನ ಲೋಪ ಹುಡುಕಿ ಹಿಂದಕ್ಕೆ ಕಳಿಸಿದರು. ಕಚೇರಿಯ ಕೊಕ್ಕೆ ಒಮ್ಮೊಮ್ಮೆ ಜೀವವನ್ನೂ ಉಳಿಸುತ್ತದೆ! ಸರಿಯಾದ ಪತ್ರ ಬರುವಷ್ಟರಲ್ಲಿ ಹುಡುಗ ಊರು ಬಿಟ್ಟಿದ್ದ. 1861ರಲ್ಲಿ, ಅಂತರ್ಯುದ್ಧ ಶುರುವಾದ ಮೇಲೆ, ಮಿಸೌರಿಯಲ್ಲಿ ವಿರೋಧಿಗಳು ಸುಟ್ಟಿದ್ದ ಸೇತುವೆಯಿಂದ ರೈಲು ಉರುಳಿ ಅವನೂ ಸತ್ತ.

ಮ್ಯಾಕ್ಸನ್‌ನ ಮನೆ ಈಗಿಲ್ಲ. ಅದಿದ್ದ ಜಾಗದಲ್ಲೊಂದು ಸ್ಮಾರಕ ಫಲಕವಿದೆ. ಟೌನ್‌ಶಿಪ್‌ಗೂ ಹಳೆಯ ಕೆಲಸವೆಲ್ಲ ಉಳಿದಿಲ್ಲ: ಅಯೋವಾದಲ್ಲಿ ಹಳ್ಳಿ ರಸ್ತೆಗಳ ಹೊಣೆ ಟೌನ್‌ಶಿಪ್‌ಗಳ ಕೈತಪ್ಪಿ ಕೌಂಟಿಗೆ ಹೋಗಿ ಎಷ್ಟೋ ಕಾಲವಾಯಿತು. ಟೌನ್‌ಶಿಪ್ ನಡೆಸುವ ಮೂವರು ಟ್ರಸ್ಟಿಗಳ ಪಾಲಿಗೆ ಈಗ ಉಳಿದಿರುವುದು ಅಗ್ನಿಶಾಮಕ ವ್ಯವಸ್ಥೆ, ಸ್ಮಶಾನಗಳ ನಿರ್ವಹಣೆ, ಅಕ್ಕಪಕ್ಕದ ರೈತರ ಬೇಲಿ ಜಗಳ.